ಹೊಂಡದ ಬಾಯಿಗೆ ಕುಂತವರು

ಮಳೆ ಬಂತೆಂದರೆ ಮಲ್ಕಮ್ಮ ಮೊದಲು ಜೋಳದ ಚೀಲ ಎತ್ತಿ ಮಂಚದ ಮೇಲೆ ಇಡುತ್ತಿದ್ದಳು. ಚೀಲದ ಮೇಲೆ ಹಾಸಿಗೆ. ಹಾಸಿಗೆಯ ಮೇಲೆ ಕೋಳಿ. ಇಷ್ಟಾಗುವುದರೊಳಗೆ ಕೆಂಪು ನೀರು ಹೊಸ್ತಿಲು ದಾಟಿ ಒಳಗೆ ಬಂದಿರುತ್ತಿತ್ತು. ಬರುವಾಗ ಬಾಗಿಲು ಬಡಿಯುವ ಪದ್ಧತಿ ಅದಕ್ಕಿರಲಿಲ್ಲ.

ನೀರು ಇಳಿದ ಮೇಲೆ ಮಣ್ಣು ಉಳಿಯುತ್ತಿತ್ತು. ಒಲೆ ಕಾಣದಷ್ಟು ಮಣ್ಣು. ಬುಟ್ಟಿ ತುಂಬಬೇಕು. ಹೊರಬೇಕು. ಓಣಿಯ ಆಚೆ ಸುರಿಯಬೇಕು. ಮಣ್ಣು ಕಾಶಿರಾಯ ಸಾವ್ಕಾರನದು. ಎತ್ತುವ ಸೊಂಟ ಮಲ್ಕಮ್ಮನದು.

ಕಮಲಾಪುರದ ಆ ಓಣಿಗೆ ಅಂಬೇಡ್ಕರ್ ನಗರ ಎಂಬ ಬೋರ್ಡು ಇತ್ತು. ಊರವರ ಬಾಯಲ್ಲಿ ಮಾತ್ರ ಅದು ಕೆಳಗಿನ ಓಣಿ. ಜಾಗ ಇಳಿಜಾರಿನಲ್ಲಿದೆ, ಅದಕ್ಕೇ ಕೆಳಗಿನ ಓಣಿ ಎಂದು ಊರವರು ವಿವರಿಸುತ್ತಿದ್ದರು. ಯಾವ ಕೆಳಗೆ ಎಂದು ಓಣಿಯವರಿಗೆ ಗೊತ್ತಿತ್ತು.

ಓಣಿಯ ಮೇಲಿನ ಗುಡ್ಡದಲ್ಲಿ ಕಾಶಿರಾಯನ ಕೆಂಪು ಕಲ್ಲಿನ ಖಣಿ ಇತ್ತು. ಮಲ್ಕಮ್ಮ ಸೀರೆಯ ಮೇಲೆ ಗಂಡನ ಅಂಗಿ ತೊಟ್ಟು ಅಲ್ಲಿ ವರ್ಷಗಟ್ಟಲೆ ಕಲ್ಲು ಹೊತ್ತವಳು. ಗಂಡ ಸತ್ತ ಮೇಲೆಯೂ ಅದೇ ಅಂಗಿ ತೊಟ್ಟು ಹೊತ್ತಳು. ಗುಡ್ಡದ ಹೊಟ್ಟೆ ಬಗೆದು, ಕಲ್ಲೆಲ್ಲ ಲಾರಿ ಹತ್ತಿ ಹೋದ ಮೇಲೆ ಖಣಿ ಮುಚ್ಚಿತು. ಮುಚ್ಚುವುದಕ್ಕೂ ಸರ್ಕಾರದ ಕಾಯ್ದೆ ಇದೆ. ಅಗೆದವನೇ ತಗ್ಗು ತುಂಬಬೇಕು. ಇಳಿಜಾರಿಗೆ ಹುಲ್ಲು, ಗಿಡ ಹಚ್ಚಬೇಕು. ಮಳೆನೀರು ಮಣ್ಣನ್ನು ಕೊಚ್ಚಿಕೊಂಡು ಹೋಗದ ಹಾಗೆ ಕಾಲುವೆ ತೋಡಬೇಕು. ಕಾಲುವೆಯ ಕೊನೆಗೆ ಒಂದು ಹೊಂಡ ಮಾಡಬೇಕು. ಮಣ್ಣು ಹೊಂಡದಲ್ಲಿ ಕೂತು, ತಿಳಿನೀರು ಕಲ್ಲು ಕಟ್ಟಿದ ಬಾಯಿಯಿಂದ ಹಗುರಾಗಿ ಹಳ್ಳಕ್ಕೆ ಹೋಗಬೇಕು.

ಕಾಶಿರಾಯ ಎಲ್ಲವನ್ನೂ ಮಾಡಿದ್ದ. ತಗ್ಗನ್ನು ಸಡಿಲ ಗರಸಿನಿಂದ ತುಂಬಿದ್ದ. ಕಾಲುವೆ ತೋಡಿದ್ದ. ಹೊಂಡ ಮಾಡಿದ್ದ. ಹೊಂಡದ ಬಾಯಿಗೆ ಕಲ್ಲು ಕಟ್ಟುವುದನ್ನು ಮಾತ್ರ ಬಿಟ್ಟಿದ್ದ. ಬಾಯಿ ಹಾಗೇ ಹರಿದ ಚೀಲದಂತೆ ತೆರೆದುಕೊಂಡಿತ್ತು. ಅಲ್ಲಿಂದ ಹಳ್ಳಕ್ಕೆ ಹೋಗುವ ನೀರಿನ ಹಳೇ ದಾರಿ ಅವನದೇ ಕೆಂಪು ಬಾಳೆಯ ತೋಟದೊಳಗಿಂದ ಇತ್ತು. ಕಮಲಾಪುರದ ಕೆಂಪು ಬಾಳೆ ಎಂದರೆ ಬೆಂಗಳೂರಿನವರೂ ಮೂಸಿ ನೋಡಿ ಕೊಳ್ಳುವ ಹಣ್ಣು. ಅದರ ಬುಡಕ್ಕೆ ಖಣಿಯ ಮಣ್ಣು ಬರಬಾರದು. ಹಾಗಾಗಿ ತೋಟದ ಅಂಚಿಗೆ ಉದ್ದಕ್ಕೂ ಎತ್ತರದ ಒಡ್ಡು ಹಾಕಿಸಿದ್ದ. ನೀರು ಪಾಪ, ಎಲ್ಲಿಗೆ ಹೋಗಬೇಕು? ಕೆಳಗಿನ ಓಣಿಗೆ ಬಂತು.

ಓಣಿಯವರು ಸಾವ್ಕಾರನ ಮನೆಗೆ ಹೋಗಿ ಕೇಳಿದರು. ಅಂಗಳದಲ್ಲಿ ನಿಂತೇ ಕೇಳಬೇಕಾಯಿತು. ಕಟ್ಟೆಯ ಮೇಲೆ ಕೂತಿದ್ದ ಕಾಶಿರಾಯ, "ನೀರು ಇಳಿಜಾರಿಗೆ ಹರೀತದ. ಅದು ಅದರ ಗುಣ. ನಾ ಏನ ಮಾಡ್ಲಿ?" ಅಂದ. ನೀರಿನ ಗುಣದ ಬಗ್ಗೆ ಅವನಿಗೆ ಬಹಳ ಗೌರವವಿತ್ತು.

ಕೊನೆಗೆ ಮಲ್ಕಮ್ಮ ಕಲಬುರಗಿಗೇ ಹೋಗುವುದೆಂದು ಗಟ್ಟಿ ಮಾಡಿದಳು. ಜೊತೆಗೆ ಮಗ್ಗುಲ ಮನೆಯ ಮಸ್ತಾನಬಿ. ಪಿಂಜಾರರವಳು. ಖಣಿಯಲ್ಲಿ ಇಬ್ಬರೂ ಒಂದೇ ಕಲ್ಲಿನ ಎರಡು ತುದಿ ಹಿಡಿದವರು. ಮಸ್ತಾನಬಿಯ ನಾಲಿಗೆಗೆ ಎರಡು ಭಾಷೆ ಗೊತ್ತಿತ್ತು. ಎರಡರಲ್ಲೂ ಬೈಯಲು ಬರುತ್ತಿತ್ತು.

ಬಸ್ಸಿಳಿದು ಶರಣಬಸವೇಶ್ವರ ಗುಡಿಯ ಮುಂದಿನಿಂದ ಹಾದು, ಕೇಳುತ್ತ ಕೇಳುತ್ತ ಇಬ್ಬರೂ ಖಣಿ ಇಲಾಖೆಯ ಆಫೀಸು ಮುಟ್ಟಿದರು. ಮಲ್ಕಮ್ಮನ ಕಂಕುಳಲ್ಲಿ ಒಂದು ಗಂಟಿತ್ತು. ಗುಮಾಸ್ತನ ಟೇಬಲ್ಲಿನ ಮೇಲೆ ಅದನ್ನಿಟ್ಟು ಬಿಚ್ಚಿದಳು. ಹಿಂದಿನ ದಿನದ ಬೇಸಿಗೆ ಮಳೆಗೆ ಅವಳ ಮನೆಯೊಳಗೆ ಬಂದಿದ್ದ ಕೆಂಪು ಮಣ್ಣು. ಒಂದು ಮುದ್ದೆ. ಇನ್ನೂ ಹಸಿ.

ಗುಮಾಸ್ತ ಕುರ್ಚಿಸಮೇತ ಹಿಂದಕ್ಕೆ ಜರಿದ. ಮಣ್ಣಿಗೆ ಹೆದರಿದನೋ ತಂದವಳಿಗೆ ಹೆದರಿದನೋ ಮೊದಲು ತಿಳಿಯಲಿಲ್ಲ. ಅವಳು ಮುಟ್ಟಿದ ಟೇಬಲ್ಲಿನ ಅಂಚನ್ನು ಅವನು ಬಟ್ಟೆಯಿಂದ ಒರೆಸಿದಾಗ ತಿಳಿಯಿತು.

"ಇದೇನು ಕುಂಬಾರರ ಅಂಗಡಿ ಅಂತ ತಿಳಿದೀರೇನು?"

"ನಮ್ಮ ಮನ್ಯಾಗ ಬಂದದ್ರೀ. ಸಾಕ್ಷಿಗಿ ತಂದೀವಿ."

"ಮಣ್ಣು ಸಾಕ್ಷಿ ಆಗಂಗಿಲ್ಲ."

"ಹಂಗಾರ ನಮ್ಮ ಮನಿ ತರಬೇಕಿತ್ತೇನ್ರೀ?" ಎಂದಳು ಮಸ್ತಾನಬಿ. "ಬಸ್ಸಿನ್ಯಾಗ ಜಾಗ ಇರಲಿಲ್ರೀ ಸಾಬ್."

ಗುಮಾಸ್ತ ಸಿಪಾಯಿಯನ್ನು ಕೂಗಿ ಅದನ್ನು ಎಲ್ಲಾದರೂ ಒಗೆ ಎಂದ. ಸಿಪಾಯಿ ಮಿತವ್ಯಯದ ಮನುಷ್ಯ. ವರಾಂಡದ ಕುಂಡದಲ್ಲಿ ಕ್ರೋಟನ್ ಗಿಡವೊಂದು ಮಣ್ಣು ಸಾಲದೆ ವಾಲಿತ್ತು. ಅದರ ಬುಡಕ್ಕೆ ಹಾಕಿ, ಕೈಯಿಂದ ಒತ್ತಿ, ಮೇಲೆ ಒಂದು ಲೋಟ ನೀರೂ ಹೊಯ್ದ. "ಚಲೋ ಆಯಿತು ನೋಡ್ರಿ," ಎಂದು ಮಲ್ಕಮ್ಮನಿಗೇ ಹೇಳಿದ. ಮಲ್ಕಮ್ಮನ ಅಹವಾಲು ಸರ್ಕಾರಕ್ಕೆ ಮುಟ್ಟಿದ್ದು ಅಷ್ಟು.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ರಾಜೇಶ್ರೀ ಮೇಡಮ್ ಹೊರಗೆ ಬಂದಳು. ಹೊಸದಾಗಿ ಬಂದ ಅಧಿಕಾರಿ. ಮುಚ್ಚಿದ ಖಣಿಗಳನ್ನು ನೋಡಿ ಸರಿಯಿದೆ, ಸರಿಯಿಲ್ಲ ಎಂದು ಹೇಳುವ ಕೆಲಸ ಅವಳದು. ಮೊಬೈಲು ನೋಡುತ್ತಲೇ ಹೇಳಿದಳು: "ಕಮಲಾಪುರ ಖಣೀನಾ? ಮಳೆಗಾಲಕ್ಕ ಮೊದಲ ತಪಾಸಣಿಗಿ ನಾನೇ ಬರಾಕತ್ತೀನಿ. ನೀರ ಬಿಟ್ಟೇ ನೋಡ್ತೀನಿ. ಹೋಗ್ರಿ ಈಗ." ಅವರ ಮುಖ ನೋಡಲಿಲ್ಲ. ಕುಳಿತುಕೊಳ್ಳಿ ಎನ್ನಲಿಲ್ಲ.

ಬಸ್ಸಿನಲ್ಲಿ ಮಸ್ತಾನಬಿ ಎಂದಳು: "ಮಲ್ಕೂ, ನಿನ್ನ ಮಣ್ಣಿಗಿ ನೌಕರಿ ಸಿಕ್ತು ನೋಡು. ನಮಗ ಸಿಗಲಿಲ್ಲ."

ತಪಾಸಣೆಯ ಸುದ್ದಿ ಕೇಳಿದ್ದೇ ಕಾಶಿರಾಯನಿಗೆ ಪರಿಸರದ ಮೇಲೆ ಪ್ರೀತಿ ಉಕ್ಕಿತು. ಮೇಡಮ್ ಸರಿ ಎಂದರೆ ಮಾತ್ರ ಗುಡ್ಡದ ಆಚೆ ಬದಿಗೆ ಹೊಸ ಖಣಿ ತೆಗೆಯಲು ಅವನಿಗೆ ಪರವಾನಗಿ. ಕೂಲಿಗಳ ಮೇಲಿನ ಮುಕಾದಮ ರೇವಣ ಬೆಳಗಾಗುತ್ತಲೇ ಓಣಿಯ ಬಾಯಿಗೆ ಬಂದು ಮೋಟಾರ್ ಸೈಕಲ್ ಮೇಲಿಂದಲೇ ಕೂಗಿದ: "ಏ ಮಲ್ಕೀ! ಹೆಣ್ಮಕ್ಳನ್ನೆಲ್ಲ ಕರಕೊಂಡು ಗುಡ್ಡಕ್ಕ ಬಾ!" ಓಣಿಯೊಳಗೆ ಅವನು ಬರುತ್ತಿರಲಿಲ್ಲ. ಅವನ ಕೂಗು ಮಾತ್ರ ಎಲ್ಲರ ಮನೆಗೂ ಬರುತ್ತಿತ್ತು.

ಹೆಂಗಸರು ಹೋದರು. ಬೇಸಿಗೆಯಲ್ಲಿ ಅವರಿಗೆ ಬೇರೆ ಕೂಲಿ ಇರಲಿಲ್ಲ.

ಇಳಿಜಾರಿಗೆ ಗಿಡ ಹಚ್ಚುವ ಕೆಲಸ. ಗಿಡಗಳು ಎಲ್ಲಿವೆ ಎಂದರೆ ರೇವಣ ರಸ್ತೆಬದಿಯ ಬೇವಿನಮರ ತೋರಿಸಿದ. ಕೊಂಬೆ ಕಡಿಯಿರಿ, ಚೂಪು ಮಾಡಿರಿ, ನೆಲಕ್ಕೆ ಚುಚ್ಚಿರಿ. ಬೆಂಕಿಯಂಥ ಬಿಸಿಲಿನಲ್ಲಿ ಹೆಂಗಸರು ಚುಚ್ಚಿದರು. ಅಂಗೈ ಬೊಬ್ಬೆ ಬಂತು. ಗರಸು ಕಾದು ಅಂಗಾಲು ಸುಟ್ಟಿತು. ಸಂಜೆಗೆ ಗುಡ್ಡದ ಮೇಲೆ ಕಾಡು ಎದ್ದು ನಿಂತಿತು. ಮರುದಿನ ಆಡುಗಳು ಬಂದು ಕಾಡನ್ನು ಎಳೆದವು. ಗಿಡವೇ ಬುಡಸಮೇತ ಬಾಯಿಗೆ ಬಂದಾಗ ಆಡುಗಳಿಗೇ ಗಾಬರಿಯಾಯಿತು. ಹೆಂಗಸರು ಮತ್ತೆ ಚುಚ್ಚಿದರು. ಮಣ್ಣು ಹಿಡಿದಿಡುವ ತೆಂಗಿನ ನಾರಿನ ಚಾಪೆಗಳು ಬಂದವು. ರಸ್ತೆಗೆ ಕಾಣುವಷ್ಟಕ್ಕೆ ಹಾಸಿದರು. ಗುಡ್ಡದ ಬೆನ್ನಿಗೆ ಬರೀ ಗರಸು.

ಆಮೇಲೆ ಉಳಿದದ್ದು ಹೊಂಡ. ಬಾಯಿ ಕಟ್ಟದ ಹೊಂಡದಲ್ಲಿ ನೀರು ನಿಲ್ಲುವುದಿಲ್ಲ. ಕಲ್ಲು ಕಟ್ಟಿಸಲು ಈಗ ಹೊತ್ತಿಲ್ಲ. ಹಸಿ ಮಣ್ಣಿನ ಒಡ್ಡು ಹಾಕಿದರೆ ನಿನ್ನೆ ಹಾಕಿದ್ದೆಂದು ಕುರುಡನಿಗೂ ತಿಳಿಯುತ್ತದೆ. ರೇವಣ ಮಣ್ಣಿನ ಚೀಲಗಳನ್ನು ಬಾಯಿಗೆ ಅಡ್ಡ ಒಟ್ಟಿಸಿ ಟ್ಯಾಂಕರಿನಿಂದ ಅವುಗಳ ಬುಡಕ್ಕೇ ನೀರು ಬಿಡಿಸಿ ನೋಡಿದ. ನೀರಿನ ಒತ್ತಿಗೆ ಚೀಲಗಳು ಒಂದೊಂದೇ ಜಾರಿ ಓಣಿಯ ಕಡೆ ಪ್ರಯಾಣ ಬೆಳೆಸಿದವು.

ರೇವಣ ತಲೆ ಕೆರೆದುಕೊಂಡ. ಚೀಲ ನೋಡಿದ. ಹೆಂಗಸರನ್ನು ನೋಡಿದ. ಅವನ ಮುಖಕ್ಕೆ ಕಳೆ ಬಂತು.

"ಚೀಲದ ಹಿಂದ ನೀವು ಬೆನ್ನ ಕೊಟ್ಟು ಕುಂದರ್ರಿ. ಮ್ಯಾಲ ಹಸಿರು ಜಾಳಿಗಿ ಹಾಕಿ ತಪ್ಪಲ ಮುಚ್ತೀನಿ. ಮೇಡಮ್ ಅತ್ಲಾಗಿ ದಂಡಿ ಮ್ಯಾಲ ನಿಂತು ನೋಡಿ ಹೋಗ್ತಾರ. ಬರೇ ಕುಂದರೂದು. ಕುಂತಲ್ಲೇ ಕೂಲಿ. ಇಂಥಾ ಕೆಲಸ ಎಲ್ಲಿ ಸಿಗ್ತದ?"

"ಆಮ್ಯಾಗ ನೀರು ಎಲ್ಲಿ ಹೋಗ್ತದ?" ಮಲ್ಕಮ್ಮ ಕೇಳಿದಳು.

"ಒಂದು ಟ್ಯಾಂಕರ್ ನೀರು. ಭೂಮಿ ಕುಡೀತದ ಬಿಡು."

"ಬಾಯಿಗಿ ಕಲ್ಲು ಯಾವಾಗ ಕಟ್ಟಸ್ತೀರಿ?"

"ಮೇಡಮ್ ಪಾಸ್ ಮಾಡಿ ಹೋದ ಮರುದಿನಾನೇ. ಬರದವರು ಮುಂದ ಬಾಳಿ ತೋಟಕ್ಕೂ ಬರಬ್ಯಾಡ್ರಿ, ನೋಡ್ರಿ ಮತ್ತ."

ಮಲ್ಕಮ್ಮನಿಗೆ ನಂಬಿಕೆ ಬರಲಿಲ್ಲ. ಆದರೆ ಬಾಳೆಯ ತೋಟದ ಕೂಲಿ ತಪ್ಪಿದರೆ ಓಣಿ ಏನು ತಿನ್ನಬೇಕು? ಒಪ್ಪಿದಳು. ಒಪ್ಪಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟನ್ನು ರೊಟ್ಟಿ ಬಡಿಯುವಾಗ ರೊಟ್ಟಿಯ ಮೇಲೆ ತೀರಿಸಿಕೊಂಡಳು.

ತಪಾಸಣೆಯ ದಿನ ಬಂತು. ತೋಟದ ಅಂಚಿಗೆ ಶಾಮಿಯಾನ ಎದ್ದಿತು. ಮೇಡಮ್ ಜೀಪು ಶಾಮಿಯಾನದ ಬುಡಕ್ಕೇ ಬರಲಿ ಎಂದು ಕಾಶಿರಾಯ ತನ್ನ ಎತ್ತರದ ಒಡ್ಡನ್ನು ಒಂದು ಕಡೆ ಜೆಸಿಬಿಯಿಂದ ಕಡಿಸಿ ದಾರಿ ಮಾಡಿಸಿದ್ದ. ಶಾಮಿಯಾನದೊಳಗೆ ಬಿಳಿಬಟ್ಟೆ ಹೊದಿಸಿದ ಟೇಬಲ್ಲು, ಹೋಳಿಗೆಯ ಬುಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಖಡಕ್ ರೊಟ್ಟಿ, ಕೆಂಪು ಬಾಳೆಯ ಇಡೀ ಗೊನೆ.

ಹೊಂಡದ ಬಾಯಲ್ಲಿ ಓಣಿಯ ಹೆಂಗಸರು ಹೆಗಲಿಗೆ ಹೆಗಲು ಹಚ್ಚಿ, ಚೀಲಗಳಿಗೆ ಬೆನ್ನು ಕೊಟ್ಟು, ಕಾಲು ಚಾಚಿ ನೆಲಕ್ಕೆ ಹಿಮ್ಮಡಿ ಊರಿ ಕೂತರು. ರೇವಣ ಅವರ ಮೇಲೆ ಹಸಿರು ಜಾಳಿಗೆ ಎಳೆದ. ಜಾಳಿಗೆಯ ಮೇಲೆ ಎಲೆ-ತಪ್ಪಲು ಹೊದಿಸಿದ. ಒಳಗೆ ಒಲೆಯಂಥ ಸೆಕೆ. ಮಲ್ಕಮ್ಮನ ತಲೆಯ ಮೇಲೆ ಒಂದು ಲಂಟಾನ ಕೊಂಬೆ ಇತ್ತು. ಅದರ ಹೂವಿಗೆ ದುಂಬಿಯೊಂದು ಬಂದು ಹೋಗುತ್ತಿತ್ತು.

"ಎಷ್ಟು ಚೆಂದ ಕಾಣಾಕತ್ತೀದಿ ಮಲ್ಕೂ," ಎಂದಳು ಮಸ್ತಾನಬಿ. "ಮದಿವ್ಯಾಗೂ ಇಷ್ಟು ಹೂವು ಮುಡಿದಿರಲಿಲ್ಲ ನೀ."

"ಸುಮ್ಮ ಕೂಡು. ನಗಿ ಬಂದ್ರ ಚೀಲ ಅಳ್ಳಾಡ್ತಾವ."

ಜೀಪು ಬಂತು. ಮೇಡಮ್ ಇಳಿದು ಗುಡ್ಡ ನೋಡಿದಳು, ಚಾಪೆ ನೋಡಿದಳು, ಗಿಡ ನೋಡಿದಳು. ಒಂದು ಗಿಡವನ್ನು ಮುಟ್ಟಲು ಬಗ್ಗಿದಾಗ ಕಾಶಿರಾಯ ನಡುವೆ ಬಂದು, "ಎಳೇ ಗಿಡ ರೀ ಮೇಡಮ್, ಮುಟ್ಟಿದ್ರ ನಾಚ್ಕೋತಾವ," ಎಂದ. ಮೇಡಮ್ ಕೈ ಹಿಂದೆ ತೆಗೆದುಕೊಂಡಳು.

ಮಸ್ತಾನಬಿಯ ತಂಗಿಯ ಮಗ ಮಜರ್ ಟ್ಯಾಂಕರಿನ ಡ್ರೈವರು. ಕಾಲುವೆಗೆ ನೀರು ಬಿಟ್ಟ. ನೀರು ಜುಳುಜುಳು ಹರಿದು ಹೊಂಡಕ್ಕೆ ಬಂತು. ಹೊಂಡದ ತಳ ಸಹ ಮುಚ್ಚಲಿಲ್ಲ.

"ಇಷ್ಟು ಸಾಲಂಗಿಲ್ಲ," ಎಂದಳು ಮೇಡಮ್. "ಹೊಂಡ ತುಂಬಲಿ. ಇನ್ನ ತರಸ್ರಿ."

ಕಾಶಿರಾಯ ರೇವಣನನ್ನು ನೋಡಿದ. ರೇವಣ ಜಾಳಿಗೆಯನ್ನು ನೋಡಿದ. ಊರಿನ ಟ್ಯಾಂಕರುಗಳೆಲ್ಲ ಗುಡ್ಡಕ್ಕೆ ಬಂದವು. ಕುಡಿಯುವ ನೀರಿಗೆ ಓಣಿಗೆ ವಾರಕ್ಕೊಮ್ಮೆ ಬರುತ್ತಿದ್ದ ಟ್ಯಾಂಕರೂ ಬಂತು.

ಹೊಂಡ ಏರತೊಡಗಿತು. ಮೊದಲು ಹೆಂಗಸರ ನಡುವಿಗೆ ತಣ್ಣಗೆ ತಾಗಿತು. ಆಮೇಲೆ ಬೆನ್ನಿಗೆ. ಚೀಲಗಳ ಸಂದಿನಿಂದ ಕೆಂಪು ನೀರು ಜಿನುಗಿ ಕುಪ್ಪಸದೊಳಗೆ ಇಳಿಯಿತು. ಒತ್ತು ಹೆಚ್ಚಿತು. ಹಿಮ್ಮಡಿ ನೆಲದಲ್ಲಿ ಹೂತವು. ತೊಡೆ ನಡುಗಿದವು. ಅತ್ತ ದಂಡೆಯ ಮೇಲಿಂದ ಮೇಡಮ್ಮಿನ ದನಿ ಕೇಳಿತು.

"ಹೊಂಡದ ಬಾಯಿ ಗಟ್ಟಿ ಅದ ಅನಸ್ತದ. ಆ ಹಸಿರು ಜಾಳಿಗಿ ಹಿಂದ ಏನದ?"

"ಏನಿಲ್ರೀ ಮೇಡಮ್," ಎಂದ ಕಾಶಿರಾಯ. "ಮಣ್ಣಿನ ಚೀಲ."

ಮಲ್ಕಮ್ಮ ಕೇಳಿಸಿಕೊಂಡಳು. ಅವನು ಅವಳನ್ನು ಇದಕ್ಕಿಂತ ಕೆಟ್ಟದಾಗಿ ಎಷ್ಟೋ ಸಲ ಕರೆದಿದ್ದ. ಆದರೆ ಅವೆಲ್ಲ ಬೈಗುಳ. ಬೈಯಬೇಕಾದರೂ ಎದುರಿಗೆ ಒಬ್ಬ ಮನುಷ್ಯ ಇರಬೇಕು. ಇದು ಬೈಗುಳವಾಗಿರಲಿಲ್ಲ. ಅವನು ಸಮಾಧಾನದಿಂದ, ಖರೇನೇ ಅನಿಸಿದ್ದನ್ನು ಹೇಳಿದ್ದ.

ಅದೇ ಹೊತ್ತಿಗೆ ಮಸ್ತಾನಬಿಯ ಮೂಗಿನೊಳಗೆ ಲಂಟಾನದ ಎಲೆ ಹೊಕ್ಕಿತು. ಅವಳು ತಡೆದಳು. ತಡೆದಳು. ಆಕ್ಷೀ!

ಗುಡ್ಡವೆಲ್ಲ ಕೇಳುವ ಹಾಗೆ ಚೀಲ ಸೀನಿತು.

"ಯಾರದು?" ಎಂದಳು ಮೇಡಮ್.

ಕಾಶಿರಾಯ ತಕ್ಷಣ ತಾನೂ ಒಂದು ಸಲ ಸೀನಿದ. ಸಾಲದೆಂದು ಇನ್ನೊಂದು ಸಲ. "ನನಗ ಸೀತ ಆಗ್ಯದ್ರಿ," ಎಂದ. ಮೇ ತಿಂಗಳ ಬಿಸಿಲಿನಲ್ಲಿ ಅವನ ಹಣೆಯಿಂದ ಬೆವರು ಗದ್ದಕ್ಕೆ ಇಳಿಯುತ್ತಿತ್ತು. ಮೇಡಮ್ ಎರಡು ಹೆಜ್ಜೆ ದೂರ ಸರಿದಳು.

ಹೊಂಡ ಅರ್ಧಕ್ಕಿಂತ ಮೇಲೆ ತುಂಬಿದಾಗ ಕಾಶಿರಾಯ ಮೇಡಮ್ಮನ್ನು ಊಟಕ್ಕೆಂದು ಶಾಮಿಯಾನಕ್ಕೆ ಕರೆದೊಯ್ದ. ಹೆಂಗಸರಿಗೆ ನೀರಡಿಕೆ. ಬೆನ್ನ ಹಿಂದೆ ಹೊಂಡದಷ್ಟು ನೀರು, ಬಾಯಲ್ಲಿ ಎಂಜಲಿಲ್ಲ. ರೇವಣ ಬಗ್ಗಿಕೊಂಡು ಬಂದು ಜಾಳಿಗೆ ಎತ್ತಿದ. ಕೈಯಲ್ಲಿ ಕೊಡ. ಬೊಗಸೆ ಒಡ್ಡಿರಿ ಎಂದು ಮೇಲಿನಿಂದ ಹೊಯ್ದ. ಲೋಟ ಅವನ ಇನ್ನೊಂದು ಕೈಯಲ್ಲೇ ಇತ್ತು. ಮಲ್ಕಮ್ಮ ಬೊಗಸೆ ಒಡ್ಡಲಿಲ್ಲ.

"ನಿನಗ ಬ್ಯಾಡೇನು?"

"ಚೀಲಕ್ಕ ನೀರಡಿಸಂಗಿಲ್ಲ."

ರೇವಣನಿಗೆ ಮಾತು ತಿಳಿಯಲಿಲ್ಲ. ಪಿಸುಗುಟ್ಟಿದ: "ಕೇಳ್ರಿಲ್ಲಿ. ಮೇಡಮ್ ಊಟ ಆದ ಮ್ಯಾಲ ಹೊಂಡದ ನೀರು ಹೆಂಗ ಖಾಲಿ ಆಗ್ತದ ಅದನ್ನೂ ನೋಡತಾರಂತ. ಸಾವ್ಕಾರ್ರು ಹೇಳ್ಯಾರ. ಈಗಿಂದನೇ ಒಬ್ಬೊಬ್ರಾಗಿ ಏಳ್ರಿ. ಹಗುರಕ ನೀರು ಬಿಡ್ರಿ."

"ಎಲ್ಲಿಗಿ?"

"ಎಲ್ಲಿಗಿ ಅಂದ್ರ? ಕೆಳಗ."

ಮಲ್ಕಮ್ಮ ಕೆಳಗೆ ನೋಡಿದಳು. ಎದುರಿಗೇ ಓಣಿ. ಗಂಡಸರೆಲ್ಲ ಕೂಲಿಗೆ ಹೋಗಿದ್ದರು. ಹೆಂಗಸರೆಲ್ಲ ಇಲ್ಲಿ ಸಾಲಾಗಿ ಕೂತಿದ್ದರು. ಮನೆಯಲ್ಲಿ ಇದ್ದವಳು ಮಸ್ತಾನಬಿಯ ಆಚೆ ಮನೆಯ ಜಯದೇವಿ, ಹಸಿ ಬಾಣಂತಿ. ನೆಲದ ಮೇಲೆ ಕೂಸು ಮಲಗಿಸಿಕೊಂಡು ತಾನೂ ಮಲಗಿರುತ್ತಾಳೆ. ಮಳೆಯಾದರೆ ಮೋಡ ನೋಡಿ ತಿಳಿಯಬಹುದು. ಸುಡುಬಿಸಿಲಿನಲ್ಲಿ ಪ್ರವಾಹ ಬರುತ್ತದೆಂದು ಯಾವ ಬಾಣಂತಿಗೆ ಗೊತ್ತು?

"ನಾ ಏಳಂಗಿಲ್ಲ," ಎಂದಳು ಮಲ್ಕಮ್ಮ.

"ಏನಂದಿ?"

"ಏಳಂಗಿಲ್ಲ."

ರೇವಣ ಅವಳ ರಟ್ಟೆಗೆ ಕೈ ಹಾಕಲು ಹೋದ. ಮುಟ್ಟಬೇಕಾಗುತ್ತದಲ್ಲ ಎಂದು ನೆನಪಾಗಿ ಕೈ ನಡುವೆ ನಿಂತಿತು. ಅವನ ಜಾತಿ ಆ ಹೊತ್ತಿನಲ್ಲಿ ಮಲ್ಕಮ್ಮನ ಕಡೆಯೇ ಇತ್ತು.

"ಮಸ್ತಾನಬಿ, ನೀ ಏಳು."

"ನಕೋ ಬಾಬಾ. ನನಗ ಮಣಕಾಲು ಬ್ಯಾನಿ."

ಸಾಲಿನಲ್ಲಿದ್ದ ಯಾರೂ ಏಳಲಿಲ್ಲ. ಒಬ್ಬಳು ಹಿಮ್ಮಡಿಯನ್ನು ಇನ್ನಷ್ಟು ಆಳಕ್ಕೆ ಊರಿದಳು. ಅವಳನ್ನು ನೋಡಿ ಉಳಿದವರೂ ಊರಿದರು.

ರೇವಣ ಶಾಮಿಯಾನದ ಕಡೆ ಓಡಿದ. ಕಾಶಿರಾಯ ಆಗಷ್ಟೇ ಮೇಡಮ್ಮಿನ ತಟ್ಟೆಗೆ ಎರಡನೇ ಹೋಳಿಗೆ ಹಾಕುತ್ತಿದ್ದ. ಟ್ಯಾಂಕರ್ ನಿಲ್ಲಿಸಿ ಎಂದು ಹೇಳುವುದನ್ನು ಎಲ್ಲರೂ ಮರೆತಿದ್ದರು. ಮಜರ್ ಮೇಲಿಂದ ಕೂಗಿದ: "ಖಾಲಾ! ಹೊಂಡ ತುಂಬೇದ. ಬಂದ್ ಮಾಡ್ಲೇನು?"

ಮಸ್ತಾನಬಿ ಮಲ್ಕಮ್ಮನ ಮುಖ ನೋಡಿದಳು. ಮಲ್ಕಮ್ಮ ಕಡಿದುಹೋದ ಒಡ್ಡನ್ನು ನೋಡುತ್ತಿದ್ದಳು.

"ಸಾವ್ಕಾರ್ರು ಹೇಳ್ಯಾರೇನು ಬಂದ್ ಮಾಡಂತ?" ಎಂದು ಮಸ್ತಾನಬಿ ಕೂಗಿದಳು.

"ಇಲ್ಲ!"

"ಹಂಗಾರ ನೀ ಯಾಂವ ಬಂದ್ ಮಾಡಾಂವ? ನಿನ್ನ ಕೆಲಸ ನೀ ಮಾಡು ಬೇಟಾ."

ನೀರು ಅಂಚಿಗೆ ಬಂತು. ಓಣಿಯ ಕಡೆ ಹೆಂಗಸರ ಬೆನ್ನುಗಳಿದ್ದವು. ತೋಟದ ಕಡೆ ಜೀಪಿಗಾಗಿ ಮಾಡಿದ ದಾರಿ ಇತ್ತು. ನೀರು ಸ್ವಲ್ಪ ಹೊತ್ತು ಆಚೆ ಈಚೆ ನೋಡಿತು. ಆಮೇಲೆ ಮೇಡಮ್ ಬಂದ ದಾರಿಯಲ್ಲೇ ಊಟಕ್ಕೆ ಹೊರಟಿತು.

ಮೊದಲು ಶಾಮಿಯಾನದ ಹೊರಗೆ ಬಿಟ್ಟಿದ್ದ ಚಪ್ಪಲಿಗಳು ತೇಲಿದವು. ಕಾಶಿರಾಯನ ಒಂದು ಚಪ್ಪಲಿ ಮೇಡಮ್ಮಿನ ಒಂದು ಚಪ್ಪಲಿಯ ಜೊತೆ ಬಾಳೆಯ ಸಾಲಿನೊಳಗೆ ಹೋಯಿತು. ಆಮೇಲೆ ಖಡಕ್ ರೊಟ್ಟಿಯ ಬುಟ್ಟಿ ಎದ್ದಿತು. ರೊಟ್ಟಿಗಳು ಕೆಂಪು ನೀರಿನಲ್ಲಿ ಹುಣ್ಣಿಮೆಯ ಚಂದ್ರನಂತೆ ಒಂದೊಂದೇ ತೇಲಿದವು. ಮೇಡಮ್ ತಟ್ಟೆ ಹಿಡಿದೇ ಕುರ್ಚಿ ಹತ್ತಿದಳು. ಕಾಶಿರಾಯ ಹೋಳಿಗೆಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನಿಂತ. ಅವನು ಜೀವಮಾನದಲ್ಲಿ ಹೊತ್ತ ಮೊದಲ ಬುಟ್ಟಿ ಅದು.

"ಬಂದ್ ಮಾಡ್ರಲೇ!" ಎಂದು ಚೀರಿದ. ಟ್ಯಾಂಕರ್ ನಿಂತವು. ಅಂಚು ಕೊರೆದುಕೊಂಡ ಹೊಂಡ ನಿಲ್ಲಲಿಲ್ಲ.

ಬುಟ್ಟಿ ಹೊತ್ತುಕೊಂಡೇ ಅವನು ಹೊಂಡದ ಬಾಯಿಗೆ ಓಡಿಬಂದು ಜಾಳಿಗೆಯನ್ನು ಕಿತ್ತು ಎಸೆದ. "ಏಳ್ರಲೇ ಮ್ಯಾಲ! ಬಿಡ್ರಿ ನೀರು! ಬಾಳಿ ಹಾಳಾಗ್ತದ!"

ಹಸಿರು ಎಲೆಗಳ ಕೆಳಗಿಂದ ಓಣಿಯ ಹೆಂಗಸರು ಕಂಡರು. ಕೆಂಪು ಮಣ್ಣು ಮೆತ್ತಿದ ತಲೆ, ಕೆಂಪು ಮಣ್ಣು ಮೆತ್ತಿದ ಕೈ. ಕುರ್ಚಿಯಿಂದ ಇಳಿದು, ಬರಿಗಾಲಲ್ಲಿ ಬಂದ ಮೇಡಮ್ ಅವರನ್ನು ನೋಡಿ ನಿಂತಳು.

"ಯಾರು ನೀವು?"

"ಮಣ್ಣಿನ ಚೀಲ ರೀ," ಎಂದಳು ಮಲ್ಕಮ್ಮ.

ಮೇಡಮ್ ಕಾಶಿರಾಯನ ಕಡೆ ತಿರುಗಿದಳು.

"ಕಲಬುರ್ಗಿಗಿ ಬಂದಿದ್ದೆವ್ರಿ ನಾವು. ನೀವು ಮಾರಿ ಎತ್ತಿ ನೋಡಲಿಲ್ಲ. ಇಲ್ಲಿ ಬಾಯಿಗಿ ಕಲ್ಲಿಲ್ಲ, ನಾವೇ ಕಲ್ಲಾಗಿ ಕುಂತೀವಿ. ನಾವು ಎದ್ರ ಈ ನೀರೆಲ್ಲ ನಮ್ಮ ಮನ್ಯಾಗ. ಅಲ್ಲೊಂದು ಹಸಿ ಬಾಣಂತಿ ಅದಾಳ. ನಾವು ಏಳಂಗಿಲ್ಲ."

ಕಾಶಿರಾಯ ದನಿ ಬದಲಿಸಿದ. "ಮಲ್ಕಮ್ಮಾ, ತಂಗೀ, ಎದ್ದೇಳವ್ವಾ. ಎಲ್ಲಾರ್ಗೂ ಹೋಳಿಗಿ ಕೊಡ್ತೀನಿ." ಬುಟ್ಟಿಯನ್ನು ಮುಂದೆ ಚಾಚಿದ.

"ಚೀಲ ತಾವಾಗೇ ಏಳತಾವೇನ್ರೀ ಸಾವ್ಕಾರ್ರೇ? ಎತ್ತಬೇಕಾಗ್ತದ. ಬರ್ರಿ, ಎತ್ರಿ. ಮುಟ್ಟಿ ಎತ್ರಿ."

ಕಾಶಿರಾಯ ಎತ್ತಲಿಲ್ಲ. ಸಾಲಿನ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಅದು ಸಾಲಿನುದ್ದಕ್ಕೂ ಹಬ್ಬಿತು. ನೀರು ಬೆನ್ನಿಗೆ ಗುದ್ದುತ್ತಿರುವಾಗ, ತೊಡೆ ನಡುಗುತ್ತಿರುವಾಗ ಅವರು ನಕ್ಕರು. ಚೀಲಗಳು ಅಳ್ಳಾಡಿದವು. ಬಿಡಲಿಲ್ಲ.

ಮೇಡಮ್ ಓಣಿ ನೋಡಿದಳು. ತೋಟ ನೋಡಿದಳು. ಕಡಿದ ಒಡ್ಡು, ಅದರಾಚೆ ಹಳ್ಳ ನೋಡಿದಳು. ಕಾಲಿನ ಕೆಸರು ನೋಡಿಕೊಂಡಳು. "ಹಳ್ಳದ ದಾರಿ ತೋಟದಾಗಿಂದನೇ ಅದ," ಎಂದಳು. "ಜೆಸಿಬಿ ಕರೀರಿ. ಒಡ್ಡು ತೆಗಿಸಿ ಹಳ್ಳದ ತನಕ ಕಾಲುವೆ ಒಡೀರಿ. ಈಗೇ."

"ನನ್ನ ಬಾಳಿ ರೀ ಮೇಡಮ್!"

"ನೀರು ಇಳಿಜಾರಿಗೆ ಹರೀತದ ಸಾವ್ಕಾರ್ರೇ," ಎಂದಳು ಮಸ್ತಾನಬಿ, ಕೂತಲ್ಲಿಂದಲೇ. "ಅದು ಅದರ ಗುಣ."

ಒಳಗಿನ ಗೊನೆಗಳಾದರೂ ಉಳಿಯಲಿ ಎಂದು ಕಾಶಿರಾಯನೇ ಕೊನೆಗೆ ಜೆಸಿಬಿಯ ಮುಂದೆ ಓಡಾಡುತ್ತ, ಇಲ್ಲಿ ಒಡಿ, ಅಲ್ಲಿ ಒಡಿ ಎಂದು ದಾರಿ ತೋರಿಸಿದ. ಹೊಂಡದ ನೀರು ಹಳ್ಳಕ್ಕೆ ಇಳಿದು, ಬೆನ್ನ ಮೇಲಿನ ಒತ್ತು ಪೂರಾ ಹೋದ ಮೇಲೆಯೇ ಮಲ್ಕಮ್ಮ ಏಳಲು ನೋಡಿದಳು. ಏಳಲಾಗಲಿಲ್ಲ. ಕಾಲು ಜೋಮು ಹಿಡಿದು ಯಾರದೋ ಕಾಲಿನಂತೆ ಬಿದ್ದಿದ್ದವು. ಯಾರಿಗೂ ಏಳಲಾಗಲಿಲ್ಲ. ಮೇಡಮ್ ಮುಂದೆ ಬಂದು ಕೈ ಚಾಚಿದಳು. ಮಲ್ಕಮ್ಮ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿ, ಹಿಡಿದಳು. ಜೋರಾಗಿ ಎಳೆದಾಗ ಎದ್ದದ್ದು ಮಲ್ಕಮ್ಮನಲ್ಲ, ಕೆಸರಲ್ಲಿ ಕೂತದ್ದು ಮೇಡಮ್.

ಏಳದೆ ಕೂತದ್ದಕ್ಕೆ ಓಣಿ ಬೆಲೆ ತೆರಬೇಕಾಯಿತು. ಕಾಶಿರಾಯ ಠಾಣೆಗೆ ಹೋಗಿ ದೂರು ಕೊಟ್ಟ. ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂದ. ಏನು ಮಾಡಿದರು ಎಂದು ಠಾಣೆಯವರು ಕೇಳಿದರು. ಕೂತಿದ್ದರು ಎಂದ. ಯಾರು ಕೂಡಿಸಿದ್ದು ಎಂದು ಕೇಳಿದರು. ಅವನು ಎದ್ದು ಬಂದ. ಆದರೆ ತನ್ನ ತೋಟದ ಕೂಲಿಯಿಂದ ಓಣಿಯವರನ್ನೆಲ್ಲ ಬಿಡಿಸಿದ. ಅವನ ಭಯಕ್ಕೆ ಬೇರೆಯವರೂ ಕರೆಯಲಿಲ್ಲ. ಹೆಂಗಸರು ನಸುಕಿನ ಬಸ್ಸು ಹಿಡಿದು ಕಲಬುರಗಿಗೆ ಹೋಗಿ, ಜೇವರ್ಗಿ ಕಾಲೋನಿಯಲ್ಲಿ ಏಳುತ್ತಿದ್ದ ಮನೆಗಳಿಗೆ ಇಟ್ಟಿಗೆ ಹೊತ್ತರು. ಕೂಲಿಯಲ್ಲಿ ಒಂದು ಪಾಲು ಬಸ್ಸಿಗೇ ಹೋಗುತ್ತಿತ್ತು. ಕೆಲವು ದಿನ ರೊಟ್ಟಿಯ ಜೊತೆ ಹಿಂಡಿ, ಕೆಲವು ದಿನ ರೊಟ್ಟಿಯ ಜೊತೆ ರೊಟ್ಟಿ. ಕಾಶಿರಾಯನಿಗೆ ಹೊಸ ಖಣಿಯ ಪರವಾನಗಿಯೂ ಬರಲಿಲ್ಲ. ತೋಟದೊಳಗಿನ ಕಾಲುವೆಯನ್ನು ಮುಚ್ಚಬಾರದೆಂದು ಮೇಡಮ್ ಹೇಳಿ ಹೋಗಿದ್ದಳು. ಕಾಶಿರಾಯ ಮುಚ್ಚುತ್ತಾನೇನೋ ಎಂದು ಓಣಿಯ ಯಾರಾದರೊಬ್ಬರು ದಿನಾ ಹೋಗಿ ನೋಡಿ ಬರುತ್ತಿದ್ದರು.

ಜೂನಿನಲ್ಲಿ, ಕೂಲಿಗೆ ರಜೆಯಿದ್ದ ಒಂದು ಮಧ್ಯಾಹ್ನ ಮಳೆ ಬಂತು. ಸುಮ್ಮನೆ ಅಲ್ಲ, ಗುಡುಗಿ ಬಂತು. ಮಲ್ಕಮ್ಮ ಹೊಸ್ತಿಲಲ್ಲಿ ನಿಂತು ಕಾದಳು. ಓಣಿಯ ತುಂಬ ನೀರು ಹರಿಯಿತು. ಮಳೆಯ ನೀರು. ಮಳೆಯ ಬಣ್ಣದ ನೀರು. ಕೆಂಪು ಬರಲಿಲ್ಲ. ಅವಳಿಗೆ ನಂಬಿಕೆಯಾಗದೆ ಗೋಣಿ ತಲೆಗೆ ಹಾಕಿಕೊಂಡು ಗುಡ್ಡ ಹತ್ತಿದಳು.

ಗುಡ್ಡದ ಮಣ್ಣೆಲ್ಲ ಇಳಿದು ಬಂದು ಕಾಲುವೆಯ ಒಂದು ತಿರುವಿನಲ್ಲಿ ಕಟ್ಟಿ, ಬಾಳೆಯ ಬುಡಕ್ಕೆ ನುಗ್ಗುತ್ತಿತ್ತು. ಮೊಣಕಾಲುದ್ದ ಕೆಸರಿನಲ್ಲಿ ಕಾಶಿರಾಯ ನಿಂತಿದ್ದ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಸಲಿಕೆ. ಕೂಲಿಗೆ ಬರುವವರನ್ನೆಲ್ಲ ತಾನೇ ಬಿಡಿಸಿದ್ದ. ರೇವಣ ಮಳೆಯಲ್ಲಿ ಫೋನ್ ಎತ್ತುತ್ತಿರಲಿಲ್ಲ.

"ಮಲ್ಕಮ್ಮಾ!" ಎಂದು ಕೂಗಿದ. "ಬಾರವ್ವ ಇಲ್ಲಿ. ಓಣಿ ಹೆಣ್ಮಕ್ಳನ್ನೂ ಕರಕೊಂಡು ಬಾ. ನಾಳಿಂದ ತೋಟದ ಕೆಲಸಕ್ಕೂ ಬರ್ರಿ. ಈಗ ಈ ಮಣ್ಣೊಂದು ಎತ್ತಿ ಕೊಡ್ರಿ."

"ನಾಳಿ ಬರ್ತೀವ್ರಿ," ಎಂದಳು ಮಲ್ಕಮ್ಮ. "ಇವತ್ತ ಆಗಂಗಿಲ್ಲ."

"ಯಾಕ? ಏನ ಕೆಲಸ ಅದ ಇವತ್ತ?"

"ಮನ್ಯಾಗ ಕುಂದರೂದದ್ರೀ. ಮಳಿ ಬಂದಾಗ ಮನ್ಯಾಗ ಕುಂತ್ರ ಹೆಂಗಿರ್ತದ, ನಾವು ನೋಡಿಲ್ಲ."

ಅವಳು ಇಳಿದು ಬಂದಳು. ಮಸ್ತಾನಬಿ ಚಹಾ ಕಾಸಿಕೊಂಡು ಬಂದಿದ್ದಳು. ಇಬ್ಬರೂ ಹೊಸ್ತಿಲಿನ ಒಳಗೆ, ಒಣ ನೆಲದ ಮೇಲೆ ಕೂತರು. ಹೊರಗೆ ಮಳೆ ಹೊಯ್ಯುತ್ತಿತ್ತು. ಎತ್ತಲು ಏನೂ ಇರಲಿಲ್ಲ. ಹೊರಲು ಏನೂ ಇರಲಿಲ್ಲ. ಬಹಳ ಹೊತ್ತು ಕೂತರು.

"ಮಲ್ಕೂ," ಎಂದಳು ಮಸ್ತಾನಬಿ, "ಬ್ಯಾಸರ ಆಗಾಕತ್ತದಲ್ಲ?"

"ಆಗಲಿ," ಎಂದಳು ಮಲ್ಕಮ್ಮ. "ನಮಗೂ ಸ್ವಲ್ಪ ಬ್ಯಾಸರ ಆಗಲಿ."